ಏಳನೆಯ ಆರೋಗ್ಯವಂತ

ಕುಂಚದ ತುದಿಗೆ ಸಿಕ್ಕ ಚರ್ಮದ ಪದರ ಇನ್ನೇನು ಹರವಿಕೊಳ್ಳಬೇಕು ಅನ್ನುವಷ್ಟರಲ್ಲಿ ಮತ್ತೆ ಸುರುಳಿ ಸುತ್ತಿಕೊಂಡಿತು. ಅವನು ಅದನ್ನು ಬ್ಲೇಡಿನಿಂದಾಚೆ ತಳ್ಳಿ, ಉಸಿರು ಬಿಗಿಹಿಡಿದು, ಯಂತ್ರದ ಹಿಡಿಕೆಯನ್ನು ಇನ್ನೊಂದು ಸುತ್ತು ತಿರುಗಿಸಿದ. ಚರ್ಮ ಕೊಯ್ಯುವ ಆ ಯಂತ್ರದ ಪೆಟ್ಟಿಗೆಯೊಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಎರಡು ಜೊತೆ ಕೈಗವಸು ಹಾಕಿಕೊಂಡಿದ್ದರೂ ಬೆರಳ ತುದಿಗಳು ಯಾರದೋ ಬೆರಳುಗಳ ಹಾಗಾಗಿದ್ದವು. ಈ ಸಲ ಪದರ ಚಪ್ಪಟೆಯಾಗಿ ಬಂತು. ಕೂದಲಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪ, ಜೋರಾಗಿ ಉಸಿರುಬಿಟ್ಟರೆ ಹಾರಿಹೋಗುವಂಥದ್ದು. ಗಾಜಿನ ಪಟ್ಟಿಯನ್ನು ಹತ್ತಿರ ಹಿಡಿದೊಡನೆ ಅದು ತಾನಾಗಿಯೇ ಎದ್ದು ಬಂದು ಅಂಟಿಕೊಂಡು, ಕರಗಿ, ಒದ್ದೆಯ ಗುರುತಾಗಿ ಉಳಿಯಿತು. ಗಾಜಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ: ಆರೋಗ್ಯವಂತ, ಏಳು. ಅಕ್ಷರಗಳು ಎಂದಿನಂತೆ ದುಂಡಗೆ ಬಂದವು. ತನ್ನ ತೊಡೆಯ ತುಣುಕನ್ನು ತಾನೇ ಕೊಯ್ದು, ಅದರ ಮೇಲೆ ಇನ್ನೊಬ್ಬನ ನಂಬರು ಬರೆಯುತ್ತಿರುವವನ ಅಕ್ಷರ ಒಂದಿಷ್ಟಾದರೂ ಸೊಟ್ಟಗಾಗಬೇಡವೇ?

“ದರ್ಜಿಗಳೇ, ಆಯ್ತಾ?”

ಬಾಗಿಲಲ್ಲಿ ಲೆಕ್ಕದಾಕೆ ನಿಂತಿದ್ದಳು. ಪ್ರಯೋಗಶಾಲೆಗೆ ಬಂದು ಬೀಳುವ ಅಂಕಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸುವವಳು. ಅವನಿಗೆ ದರ್ಜಿ ಎಂದು ಹೆಸರಿಟ್ಟವಳೂ ಅವಳೇ. ದಿನವಿಡೀ ಕತ್ತರಿಸುತ್ತೀರಿ, ಒಂದು ದಿನವಾದರೂ ಹೊಲಿದದ್ದನ್ನು ನೋಡಲಿಲ್ಲ ಎಂದು ಬಂದ ವಾರವೇ ನಗಾಡಿದ್ದಳು. ಅವನೂ ನಕ್ಕಿದ್ದ. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಯಾರಾದರೂ ಹೆಸರಿಟ್ಟದ್ದು ಅದೇ ಮೊದಲು.

“ಆಗ್ತಾ ಇದೆ. ಇನ್ನು ನಾಲ್ಕು ಸ್ಲೈಡು.”

“ನಿಮ್ಮ ಏಳನೆಯವನು ನನ್ನ ತಲೆ ತಿಂತಿದ್ದಾನೆ ಮಾರಾಯ್ರೆ. ರಕ್ತದಲ್ಲಿ ಒಂದು ಕಥೆ ಹೇಳ್ತಾನೆ, ಚರ್ಮದಲ್ಲಿ ಇನ್ನೊಂದು. ಒಬ್ಬನೇ ಮನುಷ್ಯ ಹೀಗೆಲ್ಲ ಮಾಡಬಾರದು.”

“ಅಂದ್ರೆ?”

“ರಕ್ತದ ಜೀನು ಕ್ಲೀನಾಗಿದೆ. ಚರ್ಮದ್ದರಲ್ಲಿ ಆ ಅಕ್ಷರ ಬದಲಾಗಿದೆ. ನಮ್ಮ ರೋಗಿಗಳದ್ದು ಹೇಗಿದೆಯೋ ಹಾಗೇ.” ಅವಳು ದನಿ ತಗ್ಗಿಸಿ, “ಬೇಜಾರು ಮಾಡ್ಕೋಬೇಡಿ. ಅದೇ ವಾರ ರೋಗಿಗಳ ಪಟ್ಟಿಯಲ್ಲಿರೋ ನಿಮ್ಮ ತಂಗಿಯದ್ದೂ ಕೊಯ್ದಿದ್ರಿ ಅಲ್ವಾ? ಏಳರ ಟ್ಯೂಬಿಗೂ ಅವರದ್ದೇ ಹೋಗಿರಬಹುದಾ ಅಂತ” ಎಂದಳು.

ಅವನು ಪೆಟ್ಟಿಗೆಯ ಗಾಜಿನ ಮುಚ್ಚಳವನ್ನು ಎಳೆದು ಮುಚ್ಚಿದ. ಅದರ ಮೇಲೆ ತನ್ನ ಮುಖ, ಅದರ ಹಿಂದೆ ಅವಳ ಮುಖ, ಅದರ ಕೆಳಗೆ ಮಂಜುಗಡ್ಡೆಯಲ್ಲಿ ಹುದುಗಿದ್ದ ಬಟಾಣಿಯಷ್ಟು ಮಾಂಸ, ಎಲ್ಲ ಒಂದರ ಮೇಲೊಂದು ಕಂಡವು. ನೋಡ್ತೀನಿ ಎಂದ. ಅವಳು ಹೋದಳು. ಚರ್ಮ ಗಂಡಿನದೋ ಹೆಣ್ಣಿನದೋ ಎಂದು ಹೇಳುವ ಇನ್ನೊಂದು ಸಾಲು ಅವಳ ಕಂಪ್ಯೂಟರಿನಲ್ಲೇ ಇತ್ತು. ಅಷ್ಟು ಕೆಳಗೆ ಅವಳಿನ್ನೂ ಹೋಗಿರಲಿಲ್ಲ.

ಅಸಲಿ ಏಳನೆಯವನು ಮನೆಮನೆಗೆ ಪಾರ್ಸೆಲು ಹಂಚುವವನು. ಅರ್ಜಿಗೆ ಸಹಿ ಹಾಕಿದ್ದ, ರಕ್ತ ಕೊಟ್ಟಿದ್ದ, ಚರ್ಮಕ್ಕೆ ಮಾತ್ರ ಬರಲಿಲ್ಲ. ಫೋನು ಮಾಡಿದರೆ ಇವತ್ತು ಆಗಲ್ಲ ಸಾರ್, ನಾಳೆ ಖಂಡಿತ ಎನ್ನುತ್ತಿದ್ದ. ಏಳು ಜನ ರೋಗಿಗಳಿಗೆ ಏಳು ಜನ ಆರೋಗ್ಯವಂತರು ಬೇಕು. ಆರೇ ಆದರೆ ವರದಿ ನಿಲ್ಲುತ್ತದೆ ಎಂದು ಪ್ರಯೋಗಶಾಲೆ ನಡೆಸುವ ಮೇಡಂ ಪ್ರತಿ ಬೆಳಿಗ್ಗೆ ಕೇಳುತ್ತಿದ್ದರು, ಬಂದರಾ? ಚರ್ಮ ತೆಗೆಯುವ ಡಾಕ್ಟರು ರಜೆಯ ಮೇಲಿದ್ದರು. ಇಂಥ ಜಾಗಗಳಲ್ಲಿ ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ಸಲ ತಮ್ಮ ತೋಳನ್ನು ತಾವೇ ಚಾಚಿದವರು. ರಕ್ತ ಸಾಲದಿದ್ದಾಗ ಬಾ ಇಲ್ಲಿ, ಎರಡು ಟ್ಯೂಬು ಕೊಡು ಎಂದರೆ ಆಯಿತು, ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಅವನು ಅದನ್ನೇ ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದ. ಡಾಕ್ಟರು ತೆಗೆಯುವುದನ್ನು ಇನ್ನೂರು ಸಲ ನೋಡಿದ್ದ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು, ಪ್ಯಾಂಟು ಇಳಿಸಿ, ಜೋಮುಹಿಡಿಸುವ ಸೂಜಿ ಚುಚ್ಚಿಕೊಂಡು, ದುಂಡನೆಯ ಬಾಯಿಯ ಆ ಪುಟ್ಟ ಚಾಕುವನ್ನು ತೊಡೆಗೆ ಒತ್ತಿ ತಿರುಗಿಸಿದ್ದ. ನೋವಿರಲಿಲ್ಲ. ಕುರ್ಚಿಯ ಮೇಲೆ ಅರ್ಧ ಬತ್ತಲೆ ಕೂತು, ಎಡಗೈಯಲ್ಲಿ ಹತ್ತಿ ಒತ್ತಿಕೊಂಡು, ಬಲಗೈಯಲ್ಲಿ ಟ್ಯೂಬಿನ ಮೇಲೆ ಆರೋಗ್ಯವಂತ ಎಂದು ಬರೆಯುವಾಗ ಆದದ್ದು ಭಯವಲ್ಲ, ನಾಚಿಕೆಯಲ್ಲ, ಒಂದು ಬಗೆಯ ಖುಷಿ. ಅದನ್ನು ನೆನೆಸಿಕೊಂಡರೆ ಈಗ ಮೈ ಹಿಡಿಯಾಗುತ್ತದೆ. ಯಾಕೆಂದರೆ ಆ ಖುಷಿ ಹೊಸದಲ್ಲ, ಮಗುವಾಗಿದ್ದಾಗಿನಿಂದ ಅವನಿಗೆ ಅದರ ರುಚಿ ಗೊತ್ತು. ಅಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿ ತಲೆಗೆ ಎಣ್ಣೆ ಹಚ್ಚುವಾಗ ಮೊದಲು ಅವನಿಗೆ, ಆಮೇಲೆ ತಂಗಿಗೆ. ಅವಳಿಗೆ ಹಚ್ಚಿದ ಕೈಯಿಂದ ಅವನನ್ನು ಮುಟ್ಟುತ್ತಿರಲಿಲ್ಲ. ಅವನ ಸೋಪು ಬೇರೆ, ಟವೆಲು ಬೇರೆ, ಮಲಗುವ ಮೂಲೆ ಬೇರೆ. ಬಂದ ನೆಂಟರ ಮುಂದೆ, ಇವನೊಬ್ಬ ಗಟ್ಟಿಮುಟ್ಟಾಗಿದ್ದಾನಲ್ಲ, ಅಷ್ಟೇ ಸಾಕು ಎನ್ನುತ್ತಿದ್ದಳು. ತಂಗಿ ಅಲ್ಲೇ ಕೂತು, ಗುಳ್ಳೆಗಳಿಂದ ಒರಟಾದ ಬೆರಳುಗಳನ್ನು ಲಂಗದ ಮಡಿಕೆಯೊಳಗೆ ಹುದುಗಿಸಿಕೊಂಡು, ಆ ಮಾತು ಬೇರೆ ಯಾರ ಬಗ್ಗೆಯೋ ಅನ್ನುವ ಹಾಗೆ ಕೇಳಿಸಿಕೊಳ್ಳುತ್ತಿದ್ದಳು.

ಇವತ್ತು ಮಧ್ಯಾಹ್ನದ ಹೊತ್ತಿಗೆ ಸ್ಲೈಡುಗಳಿಗೆ ಬಣ್ಣ ಹಿಡಿದಿತ್ತು. ಕತ್ತಲೆಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಮೊದಲು ಆರನೆಯವನ ಸ್ಲೈಡು ಇಟ್ಟ. ಹಸಿರು ಬೆಳಕು ಹೊತ್ತಿಕೊಂಡಿತು. ಚರ್ಮದುದ್ದಕ್ಕೂ, ಒಂದರಿಂದ ಇನ್ನೊಂದು ಅಷ್ಟಷ್ಟು ದೂರದಲ್ಲಿ, ಕವಲು ಕವಲಾಗಿ ಕೈಚಾಚಿ ನಿಂತ ಕಾವಲು ಕೋಶಗಳು. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ, ರಕ್ತದಲ್ಲಿ ತೇಲಿಕೊಂಡು ಬಂದು, ಚರ್ಮಕ್ಕೆ ಬಂದವು ಚರ್ಮದವಾಗಿ, ಶ್ವಾಸಕೋಶಕ್ಕೆ ಹೋದವು ಅಲ್ಲಿನವಾಗಿ, ಕರುಳಿಗೆ ಹೋದವು ಕರುಳಿನವಾಗಿ ಬೆಳೆದು ನೆಲೆಸುವಂಥವು. ಹೊರಗಿನಿಂದ ನುಗ್ಗಿದ್ದನ್ನು ಮೊದಲು ಮುಟ್ಟಿ ನೋಡಿ ಸುದ್ದಿ ಕಳಿಸುವಂಥವು. ಹಾಗೆ ಬೆಳೆಯಲು ಯಾವ ಜೀನು ಎಷ್ಟು ಹೊತ್ತು, ಎಷ್ಟು ಜೋರಾಗಿ ಅಪ್ಪಣೆ ಕೊಡಬೇಕು ಎಂಬುದೇ ಮೇಡಂ ಇಪ್ಪತ್ತು ವರ್ಷದಿಂದ ಹುಡುಕುತ್ತಿರುವುದು. ಕೆಲವು ಮನೆತನಗಳಲ್ಲಿ ಆ ಜೀನಿನ ಪಕ್ಕದ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಜೀನು ಕೆಟ್ಟಿರುವುದಿಲ್ಲ; ಅದರ ದನಿ ತಗ್ಗಿರುತ್ತದೆ ಅಷ್ಟೇ. ಮಜ್ಜೆಗೆ ಅಪ್ಪಣೆ ಅರ್ಧ ಕೇಳಿಸುತ್ತದೆ, ಕೋಶಗಳು ಅರ್ಧ ದಾರಿಗೇ ಕೈಬಿಡುತ್ತವೆ. ಆರನೆಯವನದನ್ನು ತೆಗೆದು ಏಳನೆಯದನ್ನು ಇಟ್ಟ. ಹಸಿರು ಕಾಣಲಿಲ್ಲ. ಗುಂಡಿ ತಿರುಗಿಸಿದ. ಅತ್ತ ಸರಿಸಿದ, ಇತ್ತ ಸರಿಸಿದ. ಎಲ್ಲೋ ಒಂದು ಮೂಲೆಯಲ್ಲಿ ಒಂಟಿ ಕೋಶ, ಅದಕ್ಕೂ ಕವಲಿಲ್ಲ, ಮುದುಡಿಕೊಂಡಿತ್ತು. ಇನ್ನುಳಿದದ್ದು ಜನ ಬಿಟ್ಟುಹೋದ ಬೀದಿ. ಹೋದ ತಿಂಗಳೂ ಹೀಗೇ ಇತ್ತು. ಆಗ ಬಣ್ಣ ಹಳೆಯದಾಗಿರಬೇಕು ಎಂದುಕೊಂಡಿದ್ದ. ಇವತ್ತು ಹೊಸ ಸೀಸೆ ಒಡೆದಿದ್ದ.

ತಂಗಿಯ ಸ್ಲೈಡನ್ನು ಹೊರತೆಗೆಯುವ ಅಗತ್ಯವಿರಲಿಲ್ಲ. ಅದು ಅವನಿಗೆ ಬಾಯಿಪಾಠ. ಆದರೂ ತೆಗೆದ. ಇಬ್ಬರನ್ನೂ ಒಂದಾದ ಮೇಲೊಂದು ಇಟ್ಟು ನೋಡಿದ. ಇಬ್ಬರನ್ನೂ ಎಂದೇ ಅಂದುಕೊಂಡದ್ದು. ಅವಳದೂ ಖಾಲಿ, ಇವನದೂ ಖಾಲಿ. ಯಾವುದು ಯಾವುದೆಂದು ಗಾಜಿನ ಅಂಚು ಓದದೆ ಹೇಳುವಂತಿರಲಿಲ್ಲ. ಅವಳಿಗೆ ಮೈತುಂಬ ಬಂದದ್ದು ತನಗೆ ಯಾಕೆ ಬರಲಿಲ್ಲ? ಹಾಗಾಗುವುದುಂಟು ಎಂದು ಮೇಡಂ ಪಾಠ ಮಾಡುವಾಗ ಕೇಳಿದ್ದಾನೆ. ಒಂದೇ ಅಕ್ಷರ ಹೊತ್ತ ಇಬ್ಬರಲ್ಲಿ ಒಬ್ಬರು ಐದು ವರ್ಷಕ್ಕೇ ಹಾಸಿಗೆ ಹಿಡಿಯುತ್ತಾರೆ, ಇನ್ನೊಬ್ಬರು ಐವತ್ತರವರೆಗೆ ಓಡಾಡಿಕೊಂಡಿರುತ್ತಾರೆ, ಯಾಕೆಂದು ಇನ್ನೂ ಗೊತ್ತಿಲ್ಲ. ಅಪ್ಪ ನಲವತ್ತೊಂದಕ್ಕೆ ಕೆಮ್ಮಿ ಕೆಮ್ಮಿ ಹೋದ. ಅಮ್ಮ ಅದನ್ನು ಅಪ್ಪನ ಬೀಡಿಯ ತಲೆಗೆ ಕಟ್ಟಿದಳು. ಮೊನ್ನೆಯ ಚಳಿಗಾಲದಲ್ಲಿ ತನ್ನ ಹಿಮ್ಮಡಿಯ ಅಂಚಿನಲ್ಲಿ ಎದ್ದ ಗುಳ್ಳೆಯನ್ನು ಅವನು ಬಚ್ಚಲಲ್ಲಿ ಕೂತು ಆ ಕೊಯ್ಯುವ ಯಂತ್ರದ ಹಳೇ ಬ್ಲೇಡಿನಿಂದ ಕೊಯ್ದು ಹಾಕಿದ್ದ. ಮತ್ತೆ ಬಂತು. ಮತ್ತೆ ಕೊಯ್ದ. ಶೂ ಕಚ್ಚಿದ್ದು ಎಂದು ತನಗೆ ತಾನೇ ಹೇಳಿಕೊಂಡ, ಯಾರೂ ಕೇಳದಿದ್ದರೂ.

ಸೋಮವಾರ ತಂಗಿಯನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಅದಾಗಿ ಹತ್ತು ದಿನಕ್ಕೆ ಅವನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಅವಳಿಗೆ ಹಾಕುತ್ತಾರೆ. ಅಣ್ಣನದು ನೂರಕ್ಕೆ ನೂರು ಹೊಂದುತ್ತದೆ ಎಂದು ಡಾಕ್ಟರು ಹೇಳಿದ ದಿನ ಅಮ್ಮ ಅತ್ತಿದ್ದಳು. ಆ ಹೊಂದಿಕೆಯ ಪರೀಕ್ಷೆ ಬೇರೆ, ಆ ಅಕ್ಷರದ ಪರೀಕ್ಷೆ ಬೇರೆ. ಎರಡನೆಯದನ್ನು ಮಾಡಲು ಬರುವುದು ಇವನ ಪ್ರಯೋಗಶಾಲೆಯಲ್ಲಿ ಮಾತ್ರ. ಅಲ್ಲೇ ಮಾಡಿಸಿ ತಿಳಿಸಿ ಎಂದು ಆಸ್ಪತ್ರೆಯವರು ಇವನಿಗೇ ಹೇಳಿದ್ದರು, ಅಲ್ಲೇ ಕೆಲಸ ಮಾಡುವವನಲ್ಲವೇ ಎಂದು. ಆಯ್ತು, ಮಾಡಿಸಿದೀನಿ, ಸರಿ ಇದೆ ಎಂದು ಆಸ್ಪತ್ರೆಗೆ ಹೇಳಿದ. ಆಸ್ಪತ್ರೆಯವರು ಎಲ್ಲ ಪರೀಕ್ಷೆ ಮಾಡಿದ್ದಾರೆ, ಸರಿ ಇದೆ ಎಂದು ಮೇಡಂಗೆ ಹೇಳಿದ. ಹೇಳುವಾಗ ಅದು ಸುಳ್ಳು ಅನ್ನಿಸಿರಲಿಲ್ಲ. ನಾಳೆ ಒಂದು ಟ್ಯೂಬು ರಕ್ತ ಕೊಟ್ಟರಾಯಿತು, ಹೇಗೂ ಸರಿಯೇ ಇರುತ್ತದಲ್ಲ ಎಂದುಕೊಂಡಿದ್ದ. ಆ ನಾಳೆ ಎರಡು ತಿಂಗಳಾದರೂ ಬರಲಿಲ್ಲ.

ಮೇಡಂ ಕರೆಸಿದಾಗ ಮೂರು ಗಂಟೆ. ಲೆಕ್ಕದಾಕೆ ಆಗಲೇ ಬಂದುಹೋಗಿದ್ದಳು. ಮೇಜಿನ ಮೇಲೆ ಅವಳ ಹಾಳೆ ಇತ್ತು, ಏಳನೆಯ ಸಾಲಿಗೆ ಕೆಂಪು ಗೀಟು. ಮೇಡಂ ಎಲ್ಲರನ್ನೂ ನೀವು ಎನ್ನುವವರು. ಯಾರ ಮೇಲಾದರೂ ಕನಿಕರ ಹುಟ್ಟಿದರೆ ಮಾತ್ರ ಏಕವಚನಕ್ಕೆ ಇಳಿಯುತ್ತಿದ್ದರು.

“ಕೂತ್ಕೋ,” ಎಂದರು. ಅವನಿಗೆ ಅರ್ಥವಾಯಿತು.

“ಏಳು ಮತ್ತು ನಿನ್ನ ತಂಗಿಯದ್ದು ಒಂದೇ ವಾರ ಕೊಯ್ದದ್ದು.”

“ಹೌದು ಮೇಡಂ.”

“ನನ್ನ ತಪ್ಪು. ಮನೆಯವರ ಸ್ಯಾಂಪಲನ್ನ ನಿನ್ನ ಕೈಲಿ ಮಾಡಿಸಬಾರದಿತ್ತು. ಮನಸ್ಸು ಎಲ್ಲೋ ಇರುತ್ತೆ, ಕೈ ಎಲ್ಲೋ ಇರುತ್ತೆ. ಏಳರ ಟ್ಯೂಬಿಗೂ ಅವಳದ್ದೇ ಹೋಗಿದೆ, ಅಷ್ಟೇ ತಾನೆ?”

ಕಿಟಕಿಯಾಚೆ ಯಾರೋ ಲಾರಿಯನ್ನು ಹಿಂದಕ್ಕೆ ಬಿಡುತ್ತಿದ್ದರು. ಪೀ ಪೀ ಎಂಬ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಅವನು ಆ ಸದ್ದು ನಿಲ್ಲಲಿ ಎಂದು ಕಾದ. ನಿಂತ ಮೇಲೆ ತನ್ನ ದನಿ ಇಷ್ಟು ಸಹಜವಾಗಿ ಹೊರಡುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

“ಹೌದು ಮೇಡಂ. ನನ್ನದೇ ಕೈತಪ್ಪು.”

“ಬಿಡು. ಏಳನ್ನ ಕಸಕ್ಕೆ ಹಾಕು, ಬೇರೆ ಒಬ್ಬನ್ನ ಹುಡುಕೋಣ. ಸೋಮವಾರದಿಂದ ಎಷ್ಟು ದಿನ ಬೇಕಾದ್ರೂ ರಜ ತಗೋ. ಎಲ್ಲರಿಗೂ ಇಂಥ ಅಣ್ಣ ಸಿಗಲ್ಲ.”

ಆ ಕೊನೆಯ ಮಾತಿಗೆ ಅವನು ನಕ್ಕ. ನಕ್ಕದ್ದು ಬಾಯಿ ಮಾತ್ರ. ಮೆಟ್ಟಿಲಿಳಿಯುವಾಗ ಎದೆಯಲ್ಲಿ ಏನೋ ಹಗುರಾಗಿದ್ದು ಗೊತ್ತಾಯಿತು, ಅದು ಹಗುರಾದದ್ದಕ್ಕೆ ಹೇಸಿಗೆಯಾದದ್ದೂ ಗೊತ್ತಾಯಿತು. ಕಸದ ಹಳದಿ ಚೀಲದಲ್ಲಿ ಏಳನೆಯವನನ್ನು ಹಾಕಿ ಬಾಯಿ ಬಿಗಿದ. ಇಷ್ಟೇ. ಇನ್ನು ಯಾರೂ ಕೇಳುವುದಿಲ್ಲ. ಪಾರ್ಸೆಲಿನವನು ಎಲ್ಲೋ ಸೈಕಲ್ಲಿನ ಮೇಲೆ ಆರೋಗ್ಯವಾಗಿ ಓಡಾಡುತ್ತಿರುತ್ತಾನೆ. ತಂಗಿಗೆ ಮಜ್ಜೆ ಹಾಕುತ್ತಾರೆ. ಹಿಡಿಯದೇ ಹೋಗುವುದೂ ಉಂಟು ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಹಿಡಿಯಲಿಲ್ಲ ಎಂದರೆ ಯಾರು ಯಾಕೆ ಎಂದು ಕೇಳುತ್ತಾರೆ? ಈ ವಾಕ್ಯ ತನ್ನ ತಲೆಯಲ್ಲೇ ಹುಟ್ಟಿತೇ ಎಂದು ಬಾಗಿಲ ಬಳಿ ನಿಂತುಬಿಟ್ಟ. ಹಿಂದಿನಿಂದ ಬಂದವನು ದಾರಿ ಬಿಡ್ರೀ ಎಂದ.

ರಸ್ತೆಯಲ್ಲಿ ಅಮ್ಮನ ಫೋನು ಬಂತು. ಸೋಮವಾರಕ್ಕೆ ಫ್ಲಾಸ್ಕು ಒಂದು ಸಾಕಾ, ಎರಡು ಬೇಕಾ? ಹೊದಿಕೆ ಅವರೇ ಕೊಡ್ತಾರಾ? ಎಲ್ಲಕ್ಕೂ ಹೂಂ ಎಂದ. ಫೋನು ಇಡುವ ಮುಂಚೆ ಅಮ್ಮ, “ಹೊಟ್ಟೆ ತುಂಬ ಉಣ್ಣಪ್ಪ, ಈಗ ನಿನ್ನ ಮೈ ನಿನ್ನೊಬ್ಬಂದಲ್ಲ” ಎಂದಳು. ಅವಳ ದನಿಯಲ್ಲಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಇಬ್ಬರು ಮಕ್ಕಳೂ ಒಟ್ಟಿಗೆ ಕೇಳಿಸಿದರು.

ಮನೆಯ ಕಡೆಗೆ ತಿರುಗಬೇಕಾದ ಕಾಲುಗಳು ರೈಲು ನಿಲ್ದಾಣದ ಕಡೆ ತಿರುಗಿದ್ದವು. ಮೂರನೆಯ ಪ್ಲಾಟ್‌ಫಾರಂನ ಕೊನೆಯ ಬೆಂಚಿನಲ್ಲಿ ಕೂತ. ನೆತ್ತಿಯ ಮೇಲೇ ಧ್ವನಿವರ್ಧಕ; ಅದರಲ್ಲಿ ಗಾಡಿಗಳ ಹೊತ್ತು ಹೇಳುವವಳು ತಂಗಿ. ಆಗಾಗ ಹೀಗೆ ಬಂದು ಕೂರುತ್ತಾನೆ; ತಂಗಿಗೆ ಗೊತ್ತಿಲ್ಲ. ಪ್ರಯಾಣಿಕರ ಗಮನಕ್ಕೆ ಎಂದು ಅವಳ ದನಿ ಶುರುವಾದರೆ ಸಾವಿರ ಜನ ಒಮ್ಮೆಗೇ ತಲೆ ಎತ್ತುತ್ತಾರೆ. ಎಂಥ ನಯವಾದ ದನಿ, ಒಂದು ಮಡಿಕೆಯಿಲ್ಲ, ಒಂದು ಕಲೆಯಿಲ್ಲ. ಆ ದನಿಯ ಹೆಣ್ಣು ಹೇಗಿರಬಹುದೆಂದು ಊಹಿಸುತ್ತ ಸೂಟ್‌ಕೇಸಿನ ಮೇಲೆ ಕೂತವರನ್ನು ನೋಡಿದಾಗಲೆಲ್ಲ ಅವನಿಗೆ ತಾನು ಆರನೆಯ ತರಗತಿಯಲ್ಲಿ ಶಾಲೆಯ ಗೇಟಿನ ಹತ್ತಿರ ನಿಂತಿದ್ದು ನೆನಪಾಗುತ್ತದೆ. ಅವಳು ದೂರದಿಂದ ಅಣ್ಣಾ ಎಂದು ಕೂಗುತ್ತ ಓಡಿ ಬರುತ್ತಿದ್ದಳು, ಎರಡೂ ಕೈಗೆ ಬಿಳಿ ಬಟ್ಟೆ ಸುತ್ತಿತ್ತು. ಯಾರೋ ಅದು ಎಂದು ಜೊತೆಯವನು ಕೇಳಿದ. ಗೊತ್ತಿಲ್ಲ ಎಂದಿದ್ದ. ಅವಳಿಗೆ ಅದು ಕೇಳಿಸಿತೋ ಇಲ್ಲವೋ, ಓಟ ನಿಲ್ಲಿಸಿ, ನಡೆದುಕೊಂಡು ಬಂದು, ಅವನನ್ನು ದಾಟಿ, ಅಪರಿಚಿತಳ ಹಾಗೆ ಒಬ್ಬಳೇ ಮನೆಗೆ ಹೋದಳು. ಅವತ್ತಿನಿಂದ ಇವತ್ತಿನವರೆಗೂ ಆ ವಿಷಯ ಎತ್ತಿಲ್ಲ. ಎತ್ತಿ ಬೈದಿದ್ದರೆ ಅವನು ಈ ಬೆಂಚಿಗೆ ಬರುತ್ತಿರಲಿಲ್ಲವೇನೋ.

ಘೋಷಣೆಯ ಕೋಣೆಗೆ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಬಾಗಿಲು ತಟ್ಟಿದ. ಅವಳು ತಿರುಗುಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕಾಗದವೊಂದಕ್ಕೆ ಏನೋ ಬರೆಯುತ್ತಿದ್ದಳು.

“ಅರೆ! ಮಜ್ಜೆಯ ಮಾಲೀಕರು! ಬನ್ನಿ ಬನ್ನಿ. ದಾರಿ ತಪ್ಪಿತಾ?”

“ಹೀಗೇ ಬಂದೆ.”

“ಹೀಗೇ ಬರೋನಲ್ಲ ನೀನು. ಕೂತ್ಕೋ, ಆ ಡಬ್ಬ ಕೆಳಗಿಡು. ಇದನ್ನ ನೋಡು, ನಾನಿಲ್ಲದಾಗ ಬರೋಳಿಗೆ ಬರೆದಿಡ್ತಿದೀನಿ, ಯಾವ ಗುಂಡಿ ಒತ್ತಬಾರದು ಅಂತ. ಹೋದ ಸಲ ಒಬ್ಬಳು ಮೈಕು ಆಫ್ ಮಾಡದೆ ಗಂಡನ ಹತ್ರ ಜಗಳ ಆಡಿದ್ಲು, ಇಡೀ ನಿಲ್ದಾಣ ಕೇಳಿ ಚಪ್ಪಾಳೆ ಹೊಡೀತು.”

ಅವಳು ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಗುಟುಕು ನೀರು ಕುಡಿದು, “ಆ ಫಾರಂಗೆ ಸಹಿ ಹಾಕ್ದೆ ಇವತ್ತು” ಎಂದಳು. “ಎಂಟು ಪುಟ. ಮೊದಲು ನನ್ನ ಮಜ್ಜೆನೆಲ್ಲ ಔಷಧಿ ಹಾಕಿ ಸುಟ್ಟುಬಿಡ್ತಾರಂತೆ. ಒಂದು ಹನಿನೂ ಉಳಿಸಲ್ಲ. ಮನೆ ಖಾಲಿ ಮಾಡಿ, ಸುಣ್ಣ ಹೊಡೆದು, ಆಮೇಲೆ ನಿನ್ನನ್ನ ಕರ್ಕೊಂಡು ಬಂದು ಕೂರಿಸ್ತಾರೆ. ಬಾಡಿಗೆ ಕೇಳಬೇಡ ಮತ್ತೆ. ಹತ್ತರಲ್ಲಿ ಒಬ್ಬರು ಆ ಖಾಲಿ ಇರೋ ಹೊತ್ತಿನಲ್ಲೇ ಹೋಗಿಬಿಡ್ತಾರೆ ಅಂತ ಐದನೇ ಪುಟದಲ್ಲಿ ಇದೆ ಅಂತೆ.”

“ಅಂತೆ ಅಂದ್ರೆ? ಓದಲಿಲ್ವಾ?”

“ನರ್ಸು ಹೇಳಿದ್ಲು. ನಾನು ಓದಲಿಲ್ಲ. ಮಜ್ಜೆ ಕೊಡೋ ಹೊರಗಿನವರ ಪಟ್ಟಿಯಲ್ಲೂ ಒಬ್ಬರದ್ದು ಹೊಂದುತ್ತಂತೆ, ಅದಾಗಿದ್ರೆ ಓದ್ತಿದ್ದೆ. ನಿಂದು ತಾನೆ. ಇನ್ನೇನು ಓದೋದು?”

ಅವನು ಕಿಟಕಿಯತ್ತ ತಿರುಗಿದ. ಗಾಜಿನಾಚೆ ಕೆಳಗೆ ಜನ ಇರುವೆಗಳ ಹಾಗೆ ಸೇತುವೆ ಹತ್ತುತ್ತಿದ್ದರು. ಇಷ್ಟು ಮೇಲಿಂದ ನೋಡಿದರೆ ತನ್ನ ಬೆಂಚೂ ಕಾಣುತ್ತದೆ ಎಂಬುದು ಆಗಷ್ಟೇ ಹೊಳೆಯಿತು. ಎಷ್ಟು ಸಲ ನೋಡಿರಬಹುದು ಇವಳು?

“ನಂದು ಹಾಕಿಸ್ಕೋಬೇಡ,” ಎಂದ.

“ಏನು?”

“ನಂದರಲ್ಲೂ ಅದೇ ಇದೆ. ಆ ಅಕ್ಷರ. ನಿನ್ನದನ್ನ ಸುಟ್ಟು ನಂದು ಹಾಕಿದ್ರೆ ಮತ್ತೆ ಅದೇ ಬೆಳೆಯೋದು. ಏನೂ ಬದಲಾಗಲ್ಲ. ನೋಡಿದೀನಿ ನಾನು. ನನ್ನ ಚರ್ಮ ನಾನೇ ಕೊಯ್ದು ನೋಡಿದೀನಿ.”

ಅವಳು ಏನೋ ಹೇಳಲು ಬಾಯಿ ತೆರೆದಳು. ಮೇಜಿನ ಮೇಲಿನ ಕೆಂಪು ದೀಪ ಮಿನುಗಿತು. ಅವಳು ಅವನ ಮುಖದಿಂದ ಕಣ್ಣು ಕೀಳದೆ ಗುಂಡಿ ಒತ್ತಿ, ಮೈಕಿಗೆ ಬಾಗಿ, ಪ್ರಯಾಣಿಕರ ಗಮನಕ್ಕೆ, ಒಂದನೇ ಪ್ಲಾಟ್‌ಫಾರಂಗೆ ಬರಬೇಕಾಗಿದ್ದ ಗಾಡಿ ನಲವತ್ತು ನಿಮಿಷ ತಡವಾಗಿ ಬರಲಿದೆ, ಆಗುತ್ತಿರುವ ತೊಂದರೆಗೆ ವಿಷಾದಿಸುತ್ತೇವೆ ಎಂದು ಒಂದು ಅಕ್ಷರವೂ ಅಲುಗದ ಹಾಗೆ ಎರಡು ಸಲ ಹೇಳಿದಳು. ಕೆಳಗೆ ಜನ ತಲೆ ಎತ್ತಿದರು, ಗೊಣಗಿದರು, ಮತ್ತೆ ಕೂತರು. ಅವಳು ಗುಂಡಿ ಆರಿಸಿದಳು.

“ಯಾವಾಗಿಂದ ಗೊತ್ತು?”

“ಒಂದು ತಿಂಗಳು.”

“ಒಂದು ತಿಂಗಳು.” ಅವಳು ಅದನ್ನು ಇನ್ನೊಂದು ಗಾಡಿಯ ಹೊತ್ತು ಓದುವ ಹಾಗೆ ಹೇಳಿದಳು. “ಅಮ್ಮನಿಗೆ?”

“ಇಲ್ಲ. ಯಾರಿಗೂ ಇಲ್ಲ. ಮೇಡಂಗೆ ಬೇರೆ ಹೇಳಿದೀನಿ. ಆಸ್ಪತ್ರೆಗೆ ಇನ್ನೂ ಬೇರೆ.”

“ನಾನು ಸತ್ತಿದ್ರೆ?”

ಅವಳು ಎದ್ದು ನಿಂತಳು, ಕಿಟಕಿಯವರೆಗೆ ಹೋದಳು, ಅಲ್ಲಿಂದ ತಿರುಗಿ ಬಂದಳು. ಹೊಡೆಯುತ್ತಾಳೆ ಅಂದುಕೊಂಡ. ಹೊಡೆದರೆ ಎಷ್ಟು ಚೆನ್ನಾಗಿರುತ್ತಿತ್ತು. ಅವಳು ಫೋನು ತೆಗೆದು, ಬೆನ್ನು ಹಾಕಿ ನಿಂತು, ಆಸ್ಪತ್ರೆಗೆ ಹಚ್ಚಿದಳು. ನರ್ಸಿನ ಹೆಸರು ಹಿಡಿದು ಮಾತಾಡಿದಳು. ಇಷ್ಟು ವರ್ಷದಲ್ಲಿ ಅಲ್ಲಿ ಎಲ್ಲರೂ ಅವಳಿಗೆ ಮನೆಯವರಂತಾಗಿದ್ದರು. ಅಣ್ಣನಿಗೂ ಇದೆಯಂತೆ. ಹೌದು, ಗೊತ್ತಾಗಿದ್ದು ಈಗಲೇ. ಹಾಗಾದ್ರೆ ಆ ಪಟ್ಟಿಯಲ್ಲಿರೋರನ್ನ ಕೇಳಬಹುದಾ? ಸರಿ. ಸರಿ ಸಿಸ್ಟರ್. ಎಷ್ಟು ತಿಂಗಳಾಗಬಹುದು? ಪರವಾಗಿಲ್ಲ, ಕಾಯೋದು ಅಭ್ಯಾಸ ಆಗಿದೆ. ಅವನ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಗೊತ್ತಾಗಿದ್ದು ಈಗಲೇ ಎಂದದ್ದನ್ನು ಕೇಳಿ ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಫೋನು ಇಟ್ಟು ಕುರ್ಚಿಯಲ್ಲಿ ಕುಸಿದಳು. ಮುಖ ಒರೆಸಿಕೊಂಡಳು. ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ಅವನು ಕಾದಿದ್ದ ಸಿಟ್ಟಿರಲಿಲ್ಲ. ಬೇರೇನೋ ಇತ್ತು, ಅದು ಏನೆಂದು ಗುರುತು ಹತ್ತಲು ಹೊತ್ತು ಹಿಡಿಯಿತು. ಅವಳು ಅವನನ್ನು ಎಚ್ಚರಿಕೆಯಿಂದ, ಮೊದಲ ಸಲ ಆಸ್ಪತ್ರೆಗೆ ಬಂದವರನ್ನು ನೋಡುವ ಹಾಗೆ ನೋಡುತ್ತಿದ್ದಳು.

“ಮೈಯಲ್ಲಿ ಎಲ್ಲಾದ್ರೂ ಎದ್ದಿದೆಯಾ?”

ಅವನು ತಡೆದು, “ಹಿಮ್ಮಡಿಯಲ್ಲಿ. ಒಂದು” ಎಂದ.

“ಕೊಯ್ದುಬಿಟ್ಟಿರ್ತೀಯ. ಕೊಯ್ಯಬಾರದು, ಹರಡುತ್ತೆ. ಜ್ವರ?”

“ಆಗಾಗ.”

“ಸರಿ. ಕೇಳು ಇಲ್ಲಿ.” ಅವಳು ಕುರ್ಚಿಯನ್ನು ಕಾಲಿನಿಂದ ತಳ್ಳಿಕೊಂಡು ಅವನ ಎದುರಿಗೆ ಬಂದಳು. “ನಾಳೆ ಒಂಬತ್ತಕ್ಕೆ ನಿನ್ನನ್ನ ಕರ್ಕೊಂಡು ಬಾ ಅಂದಿದಾರೆ. ರಕ್ತ ತಗೋತಾರೆ, ಎದೆ ಫೋಟೋ ತೆಗೀತಾರೆ, ಮೈ ಎಲ್ಲ ನೋಡ್ತಾರೆ. ಬೇಗ ಗೊತ್ತಾದ್ರೆ ನನ್ನಷ್ಟು ದೂರ ಹೋಗೋದು ಬೇಡ, ಮಾತ್ರೆಯಲ್ಲೇ ತಡೀಬಹುದಂತೆ. ನಾನು ಜೊತೆಗೆ ಬರ್ತೀನಿ. ರಜ ಹೇಗೂ ಹಾಕಿದೀನಿ. ಬಟ್ಟೆ ಬಿಚ್ಚಿ ಅಂದಾಗ ಮೊದಲ ಸಲ ಕಷ್ಟ ಆಗುತ್ತೆ, ಆಮೇಲೆ ಏನೂ ಅನ್ಸಲ್ಲ. ಕಾಯೋ ಕೋಣೆಯಲ್ಲಿ ಎಡಗಡೆ ಸಾಲಿನಲ್ಲಿ ಕೂತ್ರೆ ಫ್ಯಾನು ಬರುತ್ತೆ. ನಾನು ಪಕ್ಕದಲ್ಲೇ ಇರ್ತೀನಿ, ಎಲ್ಲಾನೂ ಹೇಳ್ಕೊಡ್ತೀನಿ. ನಾನು ಮೊದಲ ದಿನ ಹೋದಾಗ ಒಬ್ಬಳೇ ಇದ್ದೆ, ಹನ್ನೆರಡು ವರ್ಷ ನನಗೆ. ಅಮ್ಮ ನಿನ್ನ ಸ್ಕೂಲ್ ಪರೀಕ್ಷೆ ಅಂತ ಮನೇಲಿ ಉಳಿದಿದ್ಲು. ಒಬ್ಬರೇ ಹೋಗಬಾರದು ಅಲ್ಲಿಗೆ. ಎಂಟೂವರೆಗೆ ನಿನ್ನ ಬಾಗಿಲಿಗೆ ಬರ್ಲಾ?”

ಆ ಕೋಣೆ ಅವನಿಗೆ ಗೊತ್ತಿತ್ತು. ಎಷ್ಟೋ ಸಲ ಅವಳನ್ನು ಬಾಗಿಲವರೆಗೆ ಬಿಟ್ಟು, ಹೊರಗೆ ಮರದ ಕೆಳಗೆ ನಿಂತು ಕಾದಿದ್ದ. ಒಳಗೆ ಸಾಲಾಗಿ ಕೂತವರು, ಕೈ ಮುಚ್ಚಿಕೊಂಡವರು, ಕತ್ತು ಮುಚ್ಚಿಕೊಂಡವರು, ಬಾಗಿಲು ತೆರೆದಾಗಲೆಲ್ಲ ಒಟ್ಟಿಗೆ ತಲೆ ಎತ್ತಿ, ಬಂದವರು ತಮ್ಮವರೇ ಎಂದು ಗುರುತು ಹಿಡಿದು ಒಂದಿಷ್ಟು ಜರುಗಿ ಜಾಗ ಬಿಡುತ್ತಿದ್ದರು. ಅವಳ ಕಣ್ಣಲ್ಲಿ ಈಗ ಅದೇ ಜರುಗುವಿಕೆ ಇತ್ತು. ಎಂಟು ವರ್ಷದವಳಿದ್ದಾಗ ಗೇಟಿನ ಕಡೆ ಓಡಿ ಬರುವಾಗ ಇದ್ದ ಮುಖವೇ ಇದು ಎಂದು ಅವನಿಗೆ ತಿಳಿಯಿತು. ಇಷ್ಟು ವರ್ಷವೂ ಅದು ಎಲ್ಲೂ ಹೋಗಿರಲಿಲ್ಲ. ಹೂಂ ಅಂದರೆ ಸಾಕಿತ್ತು, ಅವನೂ ಆ ಸಾಲಿನವನು, ಇನ್ನೆಂದೂ ಆರೋಗ್ಯವಂತನಲ್ಲ. ಒಂದೇ ಅಕ್ಷರ.

“ಇಲ್ಲ,” ಎಂದ ಅವನು. ಎದ್ದು ನಿಂತ. “ನಾನು ಬರಲ್ಲ.”